ನೀರಿನ ದಂಡೆಯ ಮನೆ

ನಾಗಪುರಕ್ಕೆ ಹೆಸರು ಕೊಟ್ಟದ್ದು ನಾಗ ನದಿ. ಊರಿಗೆ ಕುಡಿಯುವ ನೀರಿಗಾಗಿ 1870ರ ಸುಮಾರಿಗೆ ಅದರ ಮೇಲ್ಭಾಗದಲ್ಲಿ ಅಂಬಾಝರಿ ಕೆರೆಯ ಏರಿ ಕಟ್ಟಿದರು. ತುಂಬಿದ ನೀರು ಹೋಗಲು ಕೋಡಿ ಇತ್ತು. ಊರು ಬೆಳೆದಂತೆ ಕೋಡಿಯ ಕೆಳಗೆ ಬಡಾವಣೆಗಳೆದ್ದವು, ನದಿ ಕಿರಿದಾಯಿತು. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಕೆರೆ ಕೋಡಿ ಹರಿದು ಅಂಬಾಝರಿ ಲೇಔಟಿನ ಮನೆಗಳಿಗೆ ನೀರು ನುಗ್ಗಿತು. ಊರಿನಲ್ಲಿ ಜೀವಹಾನಿಯೂ ಆಯಿತು.

ನಮ್ಮ ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಗಂಗಾವಳಿ ನದಿಗೆ ಕುಸಿಯಿತು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ನಮ್ಮ ದಂಡೆ ಗಟ್ಟಿಯಿದ್ದರೆ ಸಾಲದು, ಎದುರು ದಂಡೆಯನ್ನೂ ನೋಡಬೇಕು.

ಆದ್ದರಿಂದ ನೀರಿನ ಪಕ್ಕ ಸೈಟು ಕೊಳ್ಳುವ ಮುನ್ನ ಹಳೆಯ ನಕ್ಷೆಯಲ್ಲಿ ಹಳ್ಳ ಎಲ್ಲಿತ್ತು ನೋಡಿ. ದಂಡೆಯಂಚಿನಲ್ಲಿ ಬಿರುಕಿದೆಯೇ, ಮರ ವಾಲಿದೆಯೇ, ಬುಡದಿಂದ ನೀರು ಜಿನುಗುತ್ತಿದೆಯೇ ಗಮನಿಸಿ. ಇಲ್ಲಿನ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಮಣ್ಣಿನ ಪರೀಕ್ಷೆಯಾಗದೆ ಪಾಯ ತೋಡಿಸಬೇಡಿ. ಕೊನೆಗೆ ಆ ಓಣಿಯ ಹಿರಿಯರನ್ನು ಒಂದು ಮಾತು ಕೇಳಿ: ದೊಡ್ಡ ಮಳೆಗೆ ನೀರು ಎಲ್ಲಿಯವರೆಗೆ ಬಂದಿತ್ತು?