ಎರಡಂಕಿಯ ಇಸವಿ

‘ತೊಂಬತ್ತೊಂಬತ್ತರಲ್ಲಿ ಶ್ರೀರಂಗಪಟ್ಟಣ ಬಿದ್ದಿತು’ ಎಂದು ಬರೆದ ಹುಡುಗನಿಗೆ ಇತಿಹಾಸದ ಮೇಷ್ಟರು ಅಂಕ ಕೊಡುವುದಿಲ್ಲ. ಯಾವ ತೊಂಬತ್ತೊಂಬತ್ತಪ್ಪಾ ಎಂದು ಕೇಳುತ್ತಾರೆ. 1799 ಎಂದು ಪೂರ್ತಿ ಬರೆದರೇನೇ ಅದು ಇಸವಿ. ಈ ಸಣ್ಣ ಶಿಸ್ತನ್ನು ಬಿಟ್ಟಿದ್ದಕ್ಕೆ ಹಿಂದಿನ ಶತಮಾನದ ಕೊನೆಯಲ್ಲಿ ಜಗತ್ತೆಲ್ಲ ದಂಡ ತೆತ್ತಿತು. ಆ ದಂಡದಲ್ಲೊಂದು ಪಾಲು ನಮ್ಮ ಬೆಂಗಳೂರಿಗೆ ಕೂಲಿಯಾಗಿ ಬಂದದ್ದು ಚೋದ್ಯ.

ಬ್ಯಾಂಕು, ವಿಮೆ ಕಂಪನಿಗಳ ಲೆಕ್ಕಕ್ಕಾಗಿ 1959-60ರಲ್ಲಿ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಹುಟ್ಟಿತು. ಅದರಲ್ಲಿ ಲೆಕ್ಕ ಶುರುವಾಗುವ ಮೊದಲೇ ಪ್ರತಿಯೊಂದು ಹೆಸರಿನ ಬಗೆಯನ್ನೂ ಸಾರಬೇಕು: ಇದು ಅಂಕಿ, ಎರಡು ಸ್ಥಾನ, ಇದು ಅಕ್ಷರ, ಇಪ್ಪತ್ತು ಸ್ಥಾನ. ಹೀಗೆ ಮುಂಚಿತವಾಗಿ ಬಗೆಯನ್ನು ಗೊತ್ತುಮಾಡುವುದನ್ನು ಸ್ಟ್ಯಾಟಿಕ್ ಪದ್ಧತಿ ಎನ್ನುತ್ತಾರೆ. ‘ಅವಳು ಬಂದನು’ ಎಂಬ ವಾಕ್ಯ ತಪ್ಪೆನ್ನಲು ಬಂದವರು ಯಾರೆಂದು ತಿಳಿಯಬೇಕಿಲ್ಲ. ಓದಿದಾಗಲೇ ಕೆಂಪು ಶಾಯಿ ಬೀಳುತ್ತದೆ. ಇದೂ ಹಾಗೆಯೇ. ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆಯ ದಾರಿ ಬೇರೆ. ಅಲ್ಲಿ ಡಬ್ಬಿಯ ಮೇಲೆ ಚೀಟಿ ಇಲ್ಲ. ಅಡುಗೆಯ ಹೊತ್ತಿಗೆ ಮುಚ್ಚಳ ತೆಗೆದು ಸಕ್ಕರೆಯೋ ಉಪ್ಪೋ ನೋಡಿಕೊಳ್ಳಬೇಕು. ಇದು ಡೈನಾಮಿಕ್ ಪದ್ಧತಿ.

ಆಗಿನ ಕಂಪ್ಯೂಟರುಗಳಲ್ಲಿ ಜಾಗ ತುಟ್ಟಿ. ಹಾಗಾಗಿ ಇಸವಿಗೆ ಎರಡೇ ಸ್ಥಾನ ಸಾಕೆಂದರು. ಯಂತ್ರ ಆ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿತು. 99 ಆದ ಮೇಲೆ 00. 1960ರಲ್ಲಿ ಹುಟ್ಟಿದವರಿಗೆ 2000ದಲ್ಲಿ ವಯಸ್ಸು ನಲವತ್ತೋ, ಸೊನ್ನೆಯಲ್ಲಿ ಅರವತ್ತು ಕಳೆದಷ್ಟೋ?

1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದು, ಆರಂಭದ ವರ್ಷಗಳಲ್ಲಿ ಜಯನಗರದಲ್ಲಿ ಕಚೇರಿ ಮಾಡಿಕೊಂಡಿತ್ತು. ಆಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಯಿತು. ತೊಂಬತ್ತರ ದಶಕದ ಕೊನೆಗೆ ಇಂಥ ಕಂಪನಿಗಳ ಹುಡುಗ ಹುಡುಗಿಯರು ಅಮೆರಿಕದ ಹಳೆಯ ಕೋಬಾಲ್ ಬರಹಗಳನ್ನು ಸಾಲು ಸಾಲಾಗಿ ತಿದ್ದಿದರು. ಕೆಲವೆಡೆ ಎರಡಂಕಿಯನ್ನು ನಾಲ್ಕು ಮಾಡಿದರು. ಕೆಲವೆಡೆ ಇಂತಿಷ್ಟರ ಕೆಳಗಿದ್ದರೆ ಎರಡು ಸಾವಿರದ ಈಚೆ, ಮೇಲಿದ್ದರೆ ಆಚೆ ಎಂಬ ಗೆರೆ ಎಳೆದರು. 2000ದ ಜನವರಿ ಒಂದರಂದು ದೊಡ್ಡ ಅನಾಹುತವೇನೂ ಆಗಲಿಲ್ಲ. ಆಗದೇ ಹೋದ ಅನಾಹುತಕ್ಕೆ ಯಾರಿಗೂ ಹಾರ ಹಾಕುವುದಿಲ್ಲ. ‘ಅಷ್ಟೊಂದು ಗದ್ದಲ ಬೇಕಿತ್ತೇ’ ಎಂದವರೇ ಹೆಚ್ಚು.

ಹಾಗಾದರೆ ಚೀಟಿ ಅಂಟಿಸುವ ಪದ್ಧತಿಯೇ ಕೆಟ್ಟದ್ದೇ? ಅದೇ ದಿನ ಜಾವಾಸ್ಕ್ರಿಪ್ಟ್ ಬಳಸಿದ ಎಷ್ಟೋ ಪುಟಗಳಲ್ಲಿ ಇಸವಿ 19100 ಎಂದು ಕಾಣಿಸಿಕೊಂಡಿತು. 1995ರಲ್ಲಿ ಬಂದ ಆ ಡೈನಾಮಿಕ್ ಭಾಷೆ 99 ಆದ ಮೇಲೆ ಸರಿಯಾಗಿಯೇ 100 ಎಂದಿತ್ತು. ಬರೆದವರು ಮುಂದೆ ‘19’ ಎಂಬ ಅಕ್ಷರಗಳನ್ನು ಜೋಡಿಸಿದ್ದರು. ಅಕ್ಷರಕ್ಕೆ ಅಂಕಿಯನ್ನು ಅಂಟಿಸಬಹುದೇ ಎಂದು ತಡೆದು ಕೇಳುವವರು ಅಲ್ಲಿರಲಿಲ್ಲ. ಬಗೆಯ ವಿಷಯದಲ್ಲಿ ಬಿಗಿಯಾದ ಭಾಷೆಯಾಗಿದ್ದರೆ ಅಲ್ಲೇ ತಕರಾರು ತೆಗೆಯುತ್ತಿತ್ತು.

ಎರಡೂ ಕಡೆ ಬಿಟ್ಟುಹೋದದ್ದು ಶತಮಾನ. ‘ಟಿಪ್ಪು 1899ರಲ್ಲಿ ಮಡಿದನು’ ಎಂಬುದಕ್ಕೆ ವ್ಯಾಕರಣದ ತಕರಾರಿಲ್ಲ, ತಕರಾರು ಇತಿಹಾಸದ್ದು. ಬಗೆಯ ಪರೀಕ್ಷೆ ವ್ಯಾಕರಣದ ಮೇಷ್ಟರ ಕೆಲಸವನ್ನಷ್ಟೇ ಮಾಡುತ್ತದೆ. ಆದರೂ ಕೋಬಾಲಿನಲ್ಲಿ ಸಾರಿದ್ದೆಲ್ಲ ಒಂದೇ ಭಾಗದಲ್ಲಿ ಪಟ್ಟಿಯಾಗಿದ್ದರಿಂದ, ತಿದ್ದುವವರಿಗೆ ಎಲ್ಲಿಂದ ಹುಡುಕಬೇಕೆಂದಾದರೂ ಗೊತ್ತಿತ್ತು.

ಈಗ ಸಿಬಿಎಸ್‌ಇ ಹನ್ನೊಂದನೆಯ ತರಗತಿಯ ಮಕ್ಕಳು ಕಲಿಯುವ ಪೈಥಾನ್ ಡೈನಾಮಿಕ್ ಬಳಗದ್ದು. 2015ರಿಂದ ಅದರಲ್ಲೂ ಬೇಕಾದವರು ಬಗೆಯ ಚೀಟಿ ಬರೆದಿಡಬಹುದು. ನನ್ನ ಮಟ್ಟಿಗೆ ಬರೆದಿಡುವುದೇ ಒಳ್ಳೆಯದು. ನಮ್ಮ ನಂತರ ತಿದ್ದಲು ಬರುವವರ ಮುಖ ನಮಗೆ ತಿಳಿದಿರುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಜನ್ಮದಿನಾಂಕವನ್ನು ಒಮ್ಮೆ ಅಂಕಿಯಲ್ಲಿ, ಇನ್ನೊಮ್ಮೆ ಅಕ್ಷರದಲ್ಲಿ ಬರೆಯುತ್ತೇವೆ. ಅಕ್ಷರದಲ್ಲಿ ಬರೆಯುವಾಗ ಶತಮಾನವನ್ನು ಯಾರೂ ಬಿಡುವುದಿಲ್ಲ.