ನಗಾರಖಾನೆಯೊಳಗೆ ನಮ್ಮ ನಾಲ್ಕು ತಾಲೂಕು

ವಿಜಯಪುರದ ಅರಮನೆಗಳಲ್ಲಿ ದರಬಾರು ಎದ್ದ ಮೇಲೆ ಕಚೇರಿ ಕೂತಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಆದಿಲಶಾಹಿಯವರ ಕಟ್ಟಡಗಳು ಸಿದ್ಧವಾಗಿಯೇ ನಿಂತಿದ್ದವು. ಎರಡನೆಯ ಇಬ್ರಾಹಿಂ 1589ರಲ್ಲಿ ಕಟ್ಟಿಸಿದ ಆನಂದ ಮಹಲ್, ಅದರೊಂದಿಗೆ ಚೀನಿ ಮಹಲ್ ಕೂಡ ಸರ್ಕಾರದ ಕೆಲಸಕ್ಕೆ ಒದಗಿದವು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು, ಗೋಳಗುಮ್ಮಟದ ಮಗ್ಗುಲಿನ ಮಸೀದಿ ಪ್ರವಾಸಿ ಬಂಗಲೆಯಾಯಿತು. ಗುಮ್ಮಟದ ಮುಂದಿನ ನಗಾರಖಾನೆಯ ಯೋಗ ಚೆನ್ನಾಗಿತ್ತು. ಮಿನಾರುಗಳು ಮೇಲೇಳದೆ ಅರ್ಧಕ್ಕೆ ನಿಂತ ಆ ಕಟ್ಟಡದಲ್ಲಿ 1892ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. 1982ರಲ್ಲಿ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಗೆ ಬಂತು.

ನಮ್ಮ ಹಳ್ಳಿಗಳ ಮಂದಿ ಮಕ್ಕಳನ್ನು ಕರೆದುಕೊಂಡು ಬಂದವರು ಸೀದಾ ಗುಮ್ಮಟದ ಮೆಟ್ಟಿಲು ಹತ್ತುತ್ತಾರೆ, ಒಮ್ಮೆ ಕೂಗಿ ದನಿ ಮರಳಿ ಬರುವುದನ್ನು ಕೇಳಿ, ಇಳಿದು ಊಟದ ಬುತ್ತಿ ಬಿಚ್ಚುತ್ತಾರೆ. ನಗಾರಖಾನೆಯನ್ನು ಹೊಕ್ಕವರು ಕಡಿಮೆ. ಹೊಕ್ಕವರು ಕತ್ತಿ, ರತ್ನಗಂಬಳಿ, ಬಿದರಿ ಸಾಮಾನು, ಚೀನಾ ಪಿಂಗಾಣಿಗಳ ಮುಂದೆ ನಿಲ್ಲುತ್ತಾರೆ. ನನಗೆ ಅಲ್ಲಿ ಕಾಲು ಕಟ್ಟಿಹಾಕುವುದು ಶಾಸನದ ಕಲ್ಲುಗಳು. ಕನ್ನಡದ್ದು, ಸಂಸ್ಕೃತದ್ದು, ಅರಬ್ಬಿ, ಫಾರಸಿಯವು ಒಂದೇ ಸೂರಿನಡಿ ಇವೆ. ಅವನ್ನು ನೋಡುವಾಗೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಯಲಲ್ಲಿ ಬಿದ್ದಿರುವ ಕಲ್ಲುಗಳು ನೆನಪಾಗಿ ಜೀವ ಚಡಪಡಿಸುತ್ತದೆ.

ಜಿಲ್ಲೆಯಲ್ಲಿ ಬಹುಕಾಲ ಈ ನಾಲ್ಕರೊಂದಿಗೆ ವಿಜಯಪುರವೂ ಸೇರಿ ಐದೇ ತಾಲೂಕು. ಈಚೆಗೆ ಚಡಚಣ, ತಾಳಿಕೋಟೆ, ದೇವರ ಹಿಪ್ಪರಗಿ ಮೊದಲಾದವು ಬೇರೆಯಾಗಿವೆ.

ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನು ನಮ್ಮವರೆಲ್ಲ ಒಮ್ಮೆಯಾದರೂ ತಿಳಿಯಬೇಕು. ಕ್ರಿ.ಶ. 945, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆ. ಅವನ ಮಂತ್ರಿ ನಾರಾಯಣ ಈ ಊರಲ್ಲಿ ಶಾಲೆ ಕಟ್ಟಿಸಿದ. ಊರಿಗೆ ಆಗ ಪಾವಿಟ್ಟಗೆ ಎಂದು ಹೆಸರು. ಬೇರೆ ಬೇರೆ ನಾಡುಗಳಿಂದ ಓದಲು ಬಂದವರು ಎಷ್ಟಿದ್ದರೆಂದರೆ, ಅವರ ವಾಸಕ್ಕೆ 27 ಮನೆ ಬೇಕಾದವು. ಊರ ಮುಖ್ಯಸ್ಥ ಚಕ್ರಾಯುಧಬುದ್ಧನೂ ಇನ್ನೂರು ಬ್ರಾಹ್ಮಣರೂ ಕೂಡಿ ಶಾಲೆಗೆ 500 ನಿವರ್ತನ ಭೂಮಿ ಬಿಟ್ಟರು. ದೀಪದ ಖರ್ಚಿಗೆ 12 ನಿವರ್ತನ, ಗುರುವಿಗೆ 50 ನಿವರ್ತನ ಮತ್ತು ಮನೆ. ಊರಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ, ಮುಂಜಿಯಾದರೆ ಅದರರ್ಧ, ಚೌಲಕ್ಕೆ ಅದರಲ್ಲೂ ಅರ್ಧ. ಕಾಲಾಂತರದಲ್ಲಿ ಕಟ್ಟಡ ಹಾಳಾದಾಗ ಸೇಳರ ವಂಶದ ಕಂಚಿಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದೂ ಆ ಕಂಬದ ಮೇಲಿದೆ. ಈ ಭಾಗವನ್ನು ಹಿಂದುಳಿದದ್ದೆಂದು ಬರೆಯುವವರು ಪೆನ್ನು ಎತ್ತುವ ಮೊದಲು ಈ ಲೆಕ್ಕ ಓದಲಿ.

ಬಾಗೇವಾಡಿ ತಾಲೂಕಿನ ನರಸಲಗಿಗೂ ಇಂಥದೇ ಹೆಮ್ಮೆಯಿದೆ. ಮುಂದೆ ಕಲ್ಯಾಣ ಚಾಲುಕ್ಯರ ರಾಜ್ಯ ಕಟ್ಟಿದ ಎರಡನೆಯ ತೈಲಪ, 965ರಲ್ಲಿ ಇನ್ನೂ ರಾಷ್ಟ್ರಕೂಟರ ಅಧೀನನಾಗಿ ತರ್ದವಾಡಿ ಸಾವಿರ ನಾಡನ್ನು ಆಳುತ್ತಿದ್ದನೆಂದು ತಿಳಿಸುವುದು ಅಲ್ಲಿಯ ಶಾಸನ. ಆ ತರ್ದವಾಡಿಯೇ ಇಂದು ಇಂಡಿ ಸೀಮೆಯ ಭೀಮಾ ತೀರದ ತದ್ದೇವಾಡಿ. ಬಸ್ಸಿನ ಫಲಕದ ಮೇಲೆ ಆ ಹೆಸರು ಓದುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬಸವಣ್ಣನ ಹುಟ್ಟೂರಿನ ವಾದಕ್ಕೂ ತರ್ದವಾಡಿಯ ಹೆಸರು ತಗಲಿಕೊಂಡಿದೆ. ಬಾಗೇವಾಡಿಯವರು ತಮ್ಮೂರೆನ್ನುತ್ತಾರೆ, ಅಲ್ಲಿ ಜನ್ಮ ಸ್ಮಾರಕವಿದೆ. ಅದೇ ತಾಲೂಕಿನ ಇಂಗಳೇಶ್ವರದವರು ತಾಯಿ ಮಾದಲಾಂಬಿಕೆಯ ತವರು ನಮ್ಮದು, ಅಣ್ಣ ಹುಟ್ಟಿದ್ದು ಇಲ್ಲೇ ಎನ್ನುತ್ತಾರೆ. ವಚನಗಳನ್ನು ಕಲ್ಲಿಗೆ ಕೊರೆಸಿದ ಶಿಲಾಮಂಟಪ ಅವರ ಊರಲ್ಲಿದೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ಬಸವರಾಜನನ್ನು, ತರ್ದವಾಡಿ ನಾಡಿನ ಬಾಗೇವಾಡಿಯ ಒಡೆಯ ಮಾದಿರಾಜನ ಮಗನೆಂದು ಹೇಳುತ್ತದೆ. ಬಾಗೇವಾಡಿಯವರು ಇದನ್ನೇ ಎತ್ತಿ ಹಿಡಿಯುವುದು ಸಹಜ. ಆದರೆ ಅಲ್ಲಿರುವುದು ತಂದೆಯ ಊರು. ಕೂಸು ಯಾವ ಮನೆಯಲ್ಲಿ ಕಣ್ಣು ಬಿಟ್ಟಿತೆಂಬ ಮಾತಿಲ್ಲ. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ಹಾಗಾಗಿ ಈ ಶಾಸನ ಇಂಗಳೇಶ್ವರದ ಮಾತನ್ನು ಸುಳ್ಳು ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡೂ ಊರವರು ಆ ಶಾಸನದ ಪಡಿಯಚ್ಚನ್ನು ಜೊತೆಗೆ ಕೂತು ಓದಿದರೆ ಅರ್ಧ ಜಗಳ ಅಲ್ಲೇ ಮುಗಿದೀತು.

ಮುದ್ದೇಬಿಹಾಳದ್ದು ಹೆಸರು ಕಳೆದುಕೊಂಡ ನೋವು. ವಿಜಯನಗರ ದಖನಿನ ಸುಲ್ತಾನರಿಗೆ ಸೋತ 1565ರ ಜನವರಿ 23ರ ಕಾಳಗವನ್ನು ಪಠ್ಯಪುಸ್ತಕ ತಾಳಿಕೋಟೆಯದೆಂದು ಕಲಿಸಿತು. ಸುಲ್ತಾನರ ಪಡೆಗಳು ಬೀಡುಬಿಟ್ಟದ್ದು ತಾಳಿಕೋಟೆಯಲ್ಲಿ. ಕೃಷ್ಣೆಯ ದಂಡೆಯ ರಕ್ಕಸಗಿ, ತಂಗಡಗಿಗಳ ಹೆಸರನ್ನು ವಿದ್ವಾಂಸರು ಆ ಕಾಳಗದೊಂದಿಗೆ ಸೇರಿಸಿ ಬರೆಯತೊಡಗಿದ್ದು ಆಮೇಲೆ. ಆ ಗೆಲುವಿನ ಮೇಲೆ ಹಂಪಿಯಿಂದ ಬಂದ ಸಂಪತ್ತು ಆದಿಲಶಾಹಿಯವರ ರಾಜಧಾನಿ ವಿಜಯಪುರವನ್ನು ಬೆಳೆಸಿತು. ಆದ್ದರಿಂದ ಗುಮ್ಮಟ ನೋಡಲು ಬಂದವರಿಗೆ ಆ ಎರಡು ಹಳ್ಳಿಗಳ ಹೆಸರೂ ಕಿವಿಗೆ ಬೀಳಬೇಕು.

ಸಿಂದಗಿಯ ಬಗ್ಗೆ ಒಂದೇ ಮಾತು: ಶಾಸನ, ವಚನಗಳ ಸಂಶೋಧನೆಗೆ ಬಾಳು ತೆತ್ತ ಎಂ.ಎಂ. ಕಲಬುರ್ಗಿ ಹುಟ್ಟಿದ್ದು ಆ ತಾಲೂಕಿನ ಯರಗಲ್ಲಿನಲ್ಲಿ.

ಹಳ್ಳಿಗಳಲ್ಲಿ ಶಾಸನದ ಕಲ್ಲು ಹಣಮಪ್ಪನ ಗುಡಿಯ ಮುಂದೆ ಸುಣ್ಣ, ಎಣ್ಣೆಬಣ್ಣ ಬಳಿಸಿಕೊಂಡು ನಿಂತಿರುತ್ತದೆ. ವೀರಗಲ್ಲಿನ ಮೇಲೆ ಅರಿವೆ ಒಗೆಯುತ್ತಾರೆ. ಭಕ್ತಿಯಿಂದ ಬಳಿದ ಬಣ್ಣವೂ ಅಕ್ಷರವನ್ನು ಮುಚ್ಚುತ್ತದೆ. ಎಲ್ಲವನ್ನೂ ನಗಾರಖಾನೆಗೆ ಸಾಗಿಸಿ ಎಂದು ನಾನು ಹೇಳುವುದಿಲ್ಲ. ಊರಿನ ಕಲ್ಲು ಊರಲ್ಲೇ ಇರುವುದು ಚೆಂದ. ಅರಮನೆಯಲ್ಲಿ ಕಚೇರಿ ಇಟ್ಟ ಜಿಲ್ಲೆ ಇದು. ಈಗ ನಾಲ್ಕು ತಾಲೂಕು ಕೇಂದ್ರಗಳಲ್ಲಿ ಹಳೆಯ ಸರ್ಕಾರಿ ಕಟ್ಟಡವೊಂದರ ಎರಡೆರಡು ಕೋಣೆ ಬಿಟ್ಟುಕೊಟ್ಟರೆ ಸಾಕು. ಇಂಡಿಯ ಕೋಣೆಯಲ್ಲಿ ಮೊದಲು ಸಾಲೋಟಗಿಯ ಕಂಬದ ಪಡಿಯಚ್ಚು, ಪಕ್ಕದಲ್ಲಿ ಶಾಲೆಯ ಮಕ್ಕಳು ಓದುವಂಥ ಕನ್ನಡದಲ್ಲಿ ಅದರ ಅರ್ಥ. ಬಾಗೇವಾಡಿಯಲ್ಲಿ ನರಸಲಗಿಯದೂ ಅರ್ಜುನವಾಡದ್ದೂ ಇರಲಿ.