ಕೋಲಾರ ಚಿನ್ನದ ಗಣಿ ಸೀಮೆಯ ಭೂಮಾಪನ ಕೌಶಲ

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿಯಿಂದ ಕೋಲಾರ ಚಿನ್ನದ ಗಣಿಯವರೆಗಿನ ಗಡಿಸೀಮೆಯಲ್ಲಿ ನೆಲ ಅಳೆಯುವ ವಿದ್ಯೆ ಎರಡು ಶತಮಾನಗಳಲ್ಲಿ ಮೂರು ಕಸುಬುಗಳಾಗಿ ಬೆಳೆಯಿತು: ಎಲ್ಲೆ ಅಳೆಯುವವರದು, ಗಣಿಯೊಳಗೆ ಅಳೆಯುವವರದು, ಹೊಲ ಅಳೆಯುವವರದು. ಅಳತೆಗಾರನಿಗೆ ಯಾವ ವಿದ್ಯೆ ಬೇಕು ಎಂಬ ಪ್ರಶ್ನೆ ಉಪಕರಣ ಬದಲಾದಾಗಲೆಲ್ಲ ಇಲ್ಲಿ ಎದ್ದಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನದ ಎಲ್ಲೆಗಳನ್ನು ಹೊಸದಾಗಿ ಗುರುತಿಸಬೇಕಾಯಿತು. 1802ರಲ್ಲಿ ಪೂರ್ವದ ಎಲ್ಲೆ ಅಳೆಯುತ್ತಿದ್ದ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್ ಈ ಭಾಗದ ಮಣ್ಣಿನಲ್ಲಿ ಚಿನ್ನವಿರುವ ಸುದ್ದಿ ಕೇಳಿ ಬಹುಮಾನ ಸಾರಿದ್ದು, ಉರಿಗಾಂ ಸುತ್ತಿನ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ತೊಳೆದು ತೋರಿಸಿದ್ದು ಎಲ್ಲರೂ ಬಲ್ಲ ಕತೆ. ಈ ಕತೆಗೆ ಅಂಟಿಕೊಂಡಿರುವ ಎರಡು ತಪ್ಪುಗಳನ್ನು ಮಾತ್ರ ತಿದ್ದಬೇಕು. ವಾರನ್ ಇಲ್ಲಿಗೆ ಬಂದದ್ದು ವಿಲಿಯಂ ಲ್ಯಾಂಬ್ಟನ್ನನ ಮಹಾ ತ್ರಿಕೋನಮಿತಿ ಸರ್ವೆಗಾಗಿ ಎಂದು ಹಲವೆಡೆ ಬರೆಯಲಾಗಿದೆ. ಆಗ ಅವನು ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ಸಹಾಯಕನಾಗಿದ್ದ. ಲ್ಯಾಂಬ್ಟನ್ನನ ಕೆಲಸಕ್ಕೆ ಸೇರಿದ್ದು ಅನಂತರ. 'ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ' ಎಂಬ ಹೆಸರು ಅಧಿಕೃತವಾದದ್ದೇ 1818ರಲ್ಲಿ. ಎರಡನೆಯದು, ಮುಂದೆ ಇಲ್ಲಿ ಗಣಿಗೆ ಅನುಮತಿ ಕೇಳಿದ ಮೈಕೇಲ್ ಲವೆಲ್‌ನನ್ನು ಕೋಲಾರಕ್ಕೆ ಸೆಳೆದದ್ದು 1804ರ 'ಏಷಿಯಾಟಿಕ್ ಜರ್ನಲ್' ಲೇಖನ ಎಂಬ ಮಾತು. ಲಂಡನ್ನಿನ ಆ ಪತ್ರಿಕೆ ಹುಟ್ಟಿದ್ದು 1816ರಲ್ಲಿ. ವರ್ಷ, ಪತ್ರಿಕೆಯ ಹೆಸರು, ಇವೆರಡರಲ್ಲಿ ಒಂದಾದರೂ ತಪ್ಪಿದೆ.

ಮೊದಲ ತಿದ್ದುಪಡಿ ಹೆಚ್ಚು ಮುಖ್ಯ, ಏಕೆಂದರೆ ಆ ಎರಡು ಸರ್ವೆಗಳು ಬೇಡುತ್ತಿದ್ದ ವಿದ್ಯೆಯೇ ಬೇರೆ. ಮೆಕೆಂಜಿಯ ಸರ್ವೆಗೆ ಊರಿನ ಹೆಸರು, ಕೆರೆ, ಎಲ್ಲೆಕಲ್ಲು, ಶಾಸನ, ಹಿರಿಯರ ನೆನಪು ಎಲ್ಲವೂ ಬೇಕಿತ್ತು. ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸೋದರರಂಥ ಭಾಷೆ ಬಲ್ಲವರಿಲ್ಲದೆ ಆ ಕೆಲಸ ನಡೆಯುವಂತಿರಲಿಲ್ಲ. ಲ್ಯಾಂಬ್ಟನ್ನನಿಗೆ ಬೇಕಿದ್ದುದು ಕೋನ, ಉದ್ದ, ಲೆಕ್ಕ. ವಾರನ್‌ಗೆ ಎರಡೂ ಬಂದವು. 1804ರಲ್ಲಿ ಅವನು ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು ಅಳೆದ. ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ತಂದ ಉದ್ದಕ್ಕೂ ಇವನು ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ 4 ಅಂಗುಲವನ್ನೂ ಮುಟ್ಟಲಿಲ್ಲ. ಆದರೂ ಚಿನ್ನದ ಸುಳಿವು ಅವನಿಗೆ ಸಿಕ್ಕಿದ್ದು ಊರವರನ್ನು ಮಾತಾಡಿಸಿದ್ದರಿಂದ.

ಗಣಿಯ ಚರಿತ್ರೆ ಪ್ರಸಿದ್ಧ. 1873ರಲ್ಲಿ ಲವೆಲ್‌ನ ಅರ್ಜಿ, 1880ರಲ್ಲಿ ಜಾನ್ ಟೇಲರ್ ಕಂಪನಿಯ ಪ್ರವೇಶ, 1956ರಲ್ಲಿ ರಾಷ್ಟ್ರೀಕರಣ, 2001ರ ಫೆಬ್ರವರಿ 28ರಂದು ಮುಚ್ಚುಗಡೆ. ಅದರ ನೆರಳಿನಲ್ಲಿ ಉಳಿದದ್ದು ಗಣಿ ಸರ್ವೆಯರನ ಕಸುಬು. ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳಕ್ಕೆ ಇಳಿದಿತ್ತು. ಅಂಥ ಕಡೆ ನಕ್ಷತ್ರವಿಲ್ಲ, ದೂರದ ಗುಡ್ಡವಿಲ್ಲ. ಹಳಿ ಮತ್ತು ಯಂತ್ರಗಳ ಕಬ್ಬಿಣದಿಂದಾಗಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಮೇಲಿನ ದಿಕ್ಕನ್ನು ಕೆಳಗೆ ಒಯ್ಯಲು ಗಣಿಗಳಲ್ಲಿ ಬಳಸುವ ಹಳೆಯ ವಿಧಾನ ಹೀಗಿದೆ: ಶಾಫ್ಟಿನಲ್ಲಿ ಎರಡು ತಂತಿಗಳನ್ನು ಇಳಿಬಿಟ್ಟು ತುದಿಗೆ ಭಾರ ಕಟ್ಟುತ್ತಾರೆ. ಭಾರ ತೂಗಾಡದಂತೆ ಅದನ್ನು ಎಣ್ಣೆ ಅಥವಾ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸುತ್ತಾರೆ. ತಂತಿಗಳು ಮೇಲ್ಗಡೆ ತೋರಿಸುವ ರೇಖೆಯೇ ಕೆಳಗಿನ ಸುರಂಗಕ್ಕೆ ದಿಕ್ಕು. ತಂತಿಗಳ ನಡುವೆ 3 ಮೀಟರ್ ಅಂತರವಿದ್ದು, ಒಂದು ತಂತಿ 1 ಮಿಲಿಮೀಟರ್ ಸರಿದರೂ, 1 ಕಿ.ಮೀ. ಸುರಂಗದ ಕೊನೆಯಲ್ಲಿ 33 ಸೆಂ.ಮೀ. ತಪ್ಪು ಬರುತ್ತದೆ. ಶಾಫ್ಟಿನೊಳಗಿನ ಗಾಳಿಯೇ ಅಷ್ಟು ಸರಿಸೀತು.

ಹೀಗಾಗಿ ಈ ಕಸುಬಿನವರು ಉಪಕರಣ ಹಿಡಿಯುವುದಕ್ಕಿಂತ ತಪ್ಪಿನ ಮೂಲ ಹುಡುಕುವುದನ್ನು ದೊಡ್ಡ ವಿದ್ಯೆ ಎಂದು ಎಣಿಸುತ್ತಾರೆ. 1952ರ ಗಣಿ ಕಾಯ್ದೆ ಮತ್ತು 1961ರ ಲೋಹ ಗಣಿಗಳ ನಿಯಮಾವಳಿಯ ಪ್ರಕಾರ ಗಣಿ ಸರ್ವೆಯರನಿಗೆ ಸಾಮರ್ಥ್ಯ ಪ್ರಮಾಣಪತ್ರ ಬೇಕಿತ್ತು. ನಕ್ಷೆಯ ನಿಖರತೆಗೆ ಅವನೇ ಹೊಣೆಯಾಗಿದ್ದ. ಕಲ್ಲು ಸಿಡಿಯುವ ಅಪಾಯವಿದ್ದ ಈ ಗಣಿಗಳಲ್ಲಿ ನೆಲದೊಳಗಿನ ಕಂಪನದ ಜಾಗವನ್ನು ಲೆಕ್ಕ ಹಾಕಿ ಗುರುತಿಸುವ ಕೆಲಸವೂ ಬೆಳೆಯಿತು. 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಸ್ಥಾಪನೆಯಾದದ್ದೂ ಇಲ್ಲಿಯೇ.

ಹೊಲದ ಅಳತೆ ಬೇರೆ ದಾರಿ ಹಿಡಿಯಿತು. ಮೈಸೂರಿನಲ್ಲಿ 1863ರಿಂದ ನಡೆದ ಕಂದಾಯ ಸರ್ವೆ 33 ಅಡಿಯ ಸರಪಳಿಯನ್ನೂ ಕ್ರಾಸ್ ಸ್ಟಾಫನ್ನೂ ನಂಬಿತ್ತು. ಸರಪಳಿಯ ಚದರವೇ ಗುಂಟೆ, 40 ಗುಂಟೆಗೆ ಎಕರೆ. ಸರ್ವೆಯರು ಹೊಲದಲ್ಲೇ ಬರೆದ ಟಿಪ್ಪಣಿಯಲ್ಲಿ ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಇರುವ ಅಳತೆ ಇರುತ್ತದೆ. ಅಕ್ಷಾಂಶ ರೇಖಾಂಶ ಇರುವುದಿಲ್ಲ. ಕಾಮಸಮುದ್ರದ ಕಡೆ ಇನ್ನೊಂದು ತೊಡಕು: ಗಡಿಯಾಚೆ ತಮಿಳುನಾಡಿನಲ್ಲಿ ಲೆಕ್ಕ ಸೆಂಟಿನಲ್ಲಿ. ಒಂದು ಗುಂಟೆಗೆ ಎರಡೂವರೆ ಸೆಂಟು.

2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು, 'ಮೋಜಿಣಿ' ಅಳತೆಯ ಅರ್ಜಿಗಳನ್ನು. 2020ರ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದರಡಿ ಅಳತೆಗಾಗಿ ಡ್ರೋನ್ ಹಳ್ಳಿಗಳ ಮೇಲೆ ಹಾರಿತು. 2022ರ ರಾಷ್ಟ್ರೀಯ ಭೂಅವಕಾಶ ನೀತಿ ಊರು, ಪಟ್ಟಣಗಳಿಗೆ 2030ರೊಳಗೆ 5ರಿಂದ 10 ಸೆಂ.ಮೀ. ಸ್ಪಷ್ಟತೆಯ ನಕ್ಷೆಯ ಗುರಿ ಇಟ್ಟಿದೆ. ಕಸುಬಿನವರ ಭಿನ್ನಾಭಿಪ್ರಾಯ ಇಲ್ಲಿ ತೀವ್ರವಾಗುತ್ತದೆ. ಜಿಐಎಸ್, ಕೋಡಿಂಗ್, ದತ್ತಾಂಶ ನಿರ್ವಹಣೆ ಕಲಿತರೆ ಸಾಕು, ಅಳೆಯುವುದನ್ನು ಉಪಗ್ರಹ ಸಂಕೇತ ಹಿಡಿಯುವ ರೋವರ್ ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ನಿರ್ದೇಶಾಂಕ ಪದ್ಧತಿ ಮತ್ತು ದೋಷಗಳ ಲೆಕ್ಕ ತಿಳಿಯದವನು ರೋವರ್ ತೋರಿಸಿದ ಅಂಕಿಯನ್ನು ಪರೀಕ್ಷಿಸಲಾರ ಎನ್ನುವವರೂ ಇದ್ದಾರೆ. ಈ ಸೀಮೆಯ ಅನುಭವ ಎರಡನೆಯವರ ಕಡೆಗಿದೆ. 'ದಿಶಾಂಕ್' ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ, ಆದರೆ ಫೋನಿನ ಜಿಪಿಎಸ್ 5 ಮೀಟರ್ ಆಚೀಚೆಯಾದರೆ ಅದು ಗುಂಟೆಯ ಅರ್ಧ ಅಗಲ. ರೋವರ್ ಸೆಂಟಿಮೀಟರ್ ಲೆಕ್ಕದಲ್ಲಿ ಬಿಂದು ಕೊಟ್ಟರೂ ಅದನ್ನು ಹಳೆಯ ಟಿಪ್ಪಣಿಗೆ ಹೊಂದಿಸಲು ಮೂಲ ಬಾಂದುಕಲ್ಲು ಹುಡುಕಬೇಕು, ಹಳೆಯ ಕೈಬರಹ ಓದಬೇಕು, ಅಕ್ಕಪಕ್ಕದ ಹಿಡುವಳಿದಾರರನ್ನು ಕರೆಸಿ ಕೇಳಬೇಕು.

ಹಿಡುವಳಿ ಭಾಗ ಮಾಡುವ ಪೋಡಿಗಾಗಲಿ, ಎಲ್ಲೆ ಗುರುತಿಸುವ ಹದ್ದುಬಸ್ತಿಗಾಗಲಿ, ಈ ಹೋಬಳಿಯ ಹೊಲಗಳ ಅಳತೆ ಇಂದಿಗೂ ಶುರುವಾಗುವುದು ಮೂಲ ಟಿಪ್ಪಣಿಯ ನಕಲಿನಿಂದಲೇ.